ದಾರಂದದ ಬುಡ ಕೊಳೆತಿದೆಯಾ? ಕೀಳಿಸೋಕೆ ಮುಂಚೆ ಇದನ್ನ ಓದಿ

ಬಾತ್‌ರೂಮ್ ಬಾಗಿಲ ದಾರಂದದ ಬುಡವನ್ನು ನೀವು ಕೊನೆಯ ಸಲ ಬಗ್ಗಿ ನೋಡಿದ್ದು ಯಾವಾಗ? ಹೆಚ್ಚಿನವರು ನೋಡೋದೇ ಇಲ್ಲ. ಪೇಂಟ್ ಉಬ್ಬಿ, ಮರ ಕಪ್ಪಾಗಿ, ಬಾಗಿಲು ನೆಲಕ್ಕೆ ಉಜ್ಜೋಕೆ ಶುರುವಾದಾಗಲೇ ಗೊತ್ತಾಗೋದು.

ಮೈಸೂರಿನ ನಮ್ಮ ಮನೆಯಲ್ಲೂ ಹಾಗೇ ಆಯ್ತು. ಕೆಳಗಿನ ಬಾತ್‌ರೂಮಿನ ದಾರಂದ ಬುಡದಿಂದ ಸುಮಾರು ಅರ್ಧ ಅಡಿ ಕೊಳೆತಿತ್ತು. ಹಿಂಜ್ ಅಲ್ಲಾಡ್ತಿತ್ತು. ಮಾವನವರಿಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಗಿತ್ತಷ್ಟೆ. ಒಳಗೆ ಕಾಲಿಡುವಾಗ ಅವರು ಹಿಡಿದುಕೊಳ್ತಿದ್ದದ್ದು ಇದೇ ದಾರಂದವನ್ನ. ಕಾರ್ಪೆಂಟರ್ ಬಂದು ನೋಡಿ, "ಪೂರ್ತಿ ಕಿತ್ತು ಹೊಸದು ಕೂರಿಸ್ಬೇಕು ಮೇಡಂ. ಪಕ್ಕದ ಟೈಲ್ಸ್ ಒಡೀಬೇಕು, ಎಂಟು ದಿನ ಬಾತ್‌ರೂಮ್ ಬಳಸೋ ಹಾಗಿಲ್ಲ" ಅಂದರು. ಮೆಟ್ಟಿಲು ಹತ್ತೋಕಾಗದವರು ಎಂಟು ದಿನ ಎಲ್ಲಿಗೆ ಹೋಗ್ಬೇಕು?

"ಮೇಲಿನ ಮರ ಗಟ್ಟಿ ಇದೆಯಲ್ಲಮ್ಮ, ಕೆಟ್ಟಿರೋ ಕಡೆ ಮಾತ್ರ ತೇಪೆ ಹಾಕೋಕೆ ಆಗಲ್ವಾ?" ಅಂತ ಕೇಳಿದ್ದು ಅತ್ತೆ. ಆಗುತ್ತೆ. ನಾನೂ ನನ್ನ ಗಂಡನೂ ಎರಡು ವೀಕೆಂಡ್‌ನಲ್ಲಿ ಮುಗಿಸಿದೆವು.

ಮೊದಲು ಕಾರಣ ಹುಡುಕಿ

ಸ್ಕ್ರೂಡ್ರೈವರ್ ತುದಿಯಿಂದ ಮರವನ್ನು ಚುಚ್ಚಿ ನೋಡಿ. ಚಹಾದಲ್ಲಿ ನೆನೆದ ರಸ್ಕ್ ಹಾಗೆ ಮೆತ್ತಗಿದ್ದರೆ ಅದು ನೀರಿನ ಕೆಲಸ. ತಟ್ಟಿದಾಗ ಟೊಳ್ಳು ಸದ್ದು ಬಂದು, ಪಕ್ಕದಲ್ಲಿ ಮಣ್ಣಿನ ಸಣ್ಣ ಕೊಳವೆಗಳು ಕಂಡರೆ ಗೆದ್ದಲು. ಗೆದ್ದಲಾದರೆ ಮೊದಲು ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ, ಇಲ್ಲದಿದ್ರೆ ಹೊಸ ಮರವನ್ನೂ ತಿನ್ನುತ್ತವೆ.

ಕೊಳೆಯುವುದಕ್ಕೆ ಕಾರಣ ಒಂದು ಬಗೆಯ ಶಿಲೀಂಧ್ರ. ಮರದಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯೋದಿಲ್ಲ. ಅಂದ್ರೆ ನೀರು ನಿಲ್ಲಿಸದೆ ಬರೀ ಪುಟ್ಟಿ ಮೆತ್ತಿದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಟೈಲ್ಸ್‌ಗೂ ದಾರಂದಕ್ಕೂ ನಡುವಿನ ಬಿರುಕಿನಲ್ಲಿ ನೀರು ಇಳೀತಿತ್ತು.

ಕೆಲಸ ಹೀಗೆ

1. ಬಾಗಿಲನ್ನು ಕಳಚಿ, ಪರದೆ ಕಟ್ಟಿ. ಭಾರ ಇಳಿದರೇನೇ ದಾರಂದದ ಕೆಲಸ ಸುಲಭ.

2. ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಿರಿ. ಗಟ್ಟಿ ಮರ ಸಿಗುವವರೆಗೂ ಬಿಡಬೇಡಿ. ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಪೇಂಟ್ ಆಗಿದ್ದರೆ ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

3. ಚೆನ್ನಾಗಿ ಒಣಗಿಸಿ. ಅವಸರ ಮಾಡಬಾರದ್ದು ಇಲ್ಲೇ. ನಾವು ಐದು ದಿನ ಟೇಬಲ್ ಫ್ಯಾನ್ ಹಚ್ಚಿಟ್ಟೆವು. ಟಾಯ್ಲೆಟ್ ಬಳಕೆಗೆ ತೊಂದರೆಯಿರಲಿಲ್ಲ. ಸ್ನಾನ ಮಾತ್ರ ಮಾವನವರಿಗೆ ಯುಟಿಲಿಟಿಯಲ್ಲಿ ಸ್ಟೂಲ್ ಹಾಕಿ, ಬಕೆಟ್‌ನಲ್ಲಿ.

4. ಒಣಗಿದ ಮೇಲೆ ವುಡ್ ಪ್ರಿಸರ್ವೇಟಿವ್ ಹಚ್ಚಿ, ಅದು ಪೂರ್ತಿ ಆರಲಿ.

5. ದೊಡ್ಡ ಭಾಗಕ್ಕೆ ಪುಟ್ಟಿ ಸಾಲದು. ಅಳತೆಗೆ ಸರಿಯಾಗಿ ಮರದ ತುಂಡು ಕೊಯ್ಸಿ, ಫೆವಿಕಾಲ್ ಮರೀನ್ ಹಚ್ಚಿ, ಎರಡು ಸ್ಕ್ರೂ ಬಿಗಿಯಿರಿ. ತುಂಡಿನ ತುದಿಗಳಿಗೆ ಮೊದಲೇ ಪ್ರೈಮರ್ ಬಳಿಯಿರಿ. ಮರ ನೀರನ್ನು ಹೆಚ್ಚು ಹೀರೋದು ತುದಿಯಿಂದಲೇ. ನೆಲಕ್ಕೆ ತಾಗದಂತೆ ಕಾಲಿಂಚು ಜಾಗ ಬಿಡಿ.

6. ಸಣ್ಣ ಸಂದುಗಳಿಗೆ ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ತುಂಬಿ, ಒಂದು ದಿನ ಮುಟ್ಟಬೇಡಿ. ಮಾಮೂಲಿ ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬೋದು ಬೆಡ್‌ರೂಮಿಗೆ ಸರಿ, ನೀರು ತಾಗೋ ಕಡೆ ಮೆತ್ತಗಾಗುತ್ತೆ.

7. ಹಿಂಜಿನ ಸ್ಕ್ರೂ ಸಡಿಲವಾಗಿದ್ದರೆ ತೂತಿಗೆ ಅಂಟು ಹಚ್ಚಿದ ಬಿದಿರಿನ ಕಡ್ಡಿ ಜಡಿದು, ಒಣಗಿದ ಮೇಲೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ.

8. ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಪ್ರೈಮರ್, ಆಮೇಲೆ ಎರಡು ಕೋಟ್ ಎನಾಮೆಲ್. ಕೊನೆಗೆ ಟೈಲ್ಸ್ ಸಂದಿಗೆ, ಬುಡದ ಕಾಲಿಂಚಿಗೆ ಸಿಲಿಕೋನ್.

ಸಾಮಾನಿಗೆ ಖರ್ಚಾದದ್ದು ಒಂದೂವರೆ ಸಾವಿರದೊಳಗೆ. ಉಳಿ, ಗರಗಸ ಮನೆಯಲ್ಲೇ ಇದ್ದವು.

ಹಿಡ್ಕೊಳ್ಳೋಕೆ ಬೇರೆ ವ್ಯವಸ್ಥೆ ಮಾಡಿ

ತೇಪೆ ಎಷ್ಟೇ ಗಟ್ಟಿಯಾಗಿರಲಿ, ದಾರಂದ ಇರೋದು ಬಾಗಿಲಿನ ಭಾರ ಹೊರೋಕೆ, ಮನುಷ್ಯರ ಭಾರಕ್ಕಲ್ಲ. ಮಾವನವರಿಗಾಗಿ ಒಳಗಿನ ಗೋಡೆಗೆ ಡ್ರಿಲ್ ಮಾಡಿಸಿ ಸ್ಟೀಲ್ ಗ್ರಾಬ್ ಬಾರ್ ಹಾಕಿಸಿದೆವು. ಹಿರಿಯರಿರುವ ಮನೆಯಲ್ಲಿ ದಾರಂದ ರಿಪೇರಿಗಿಂತ ಮೊದಲು ಮಾಡಿಸಬೇಕಾದ್ದು ಇದನ್ನೇ.

ಯಾವಾಗ ಕೈ ಹಾಕಬಾರದು?

ಮರದ ದಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ದಾರಂದವೇ ಗೋಡೆಯಿಂದ ಅಲ್ಲಾಡ್ತಿದ್ದರೆ, ಅಥವಾ ಮೇಲಿನ ಅಡ್ಡಪಟ್ಟಿ ಬಾಗಿದ್ದರೆ ಕಾರ್ಪೆಂಟರ್ ಮಾತು ಕೇಳಿ. ಬಾಡಿಗೆ ಮನೆಯಾದರೆ ಉಳಿ ಹಿಡಿಯೋ ಮೊದಲು ಓನರ್‌ಗೆ ಫೋಟೊ ಕಳಿಸಿ, ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲೇ ಪಡೆಯಿರಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ಆ ಮೆಸೇಜ್ ಉಪಯೋಗಕ್ಕೆ ಬರುತ್ತೆ.

ಮಳೆಗಾಲ ಶುರುವಾಗೋ ಮುಂಚೆ, ವರ್ಷಕ್ಕೊಂದು ಸಲ, ಸ್ಕ್ರೂಡ್ರೈವರ್ ಹಿಡಿದು ಎಲ್ಲ ಬಾಗಿಲುಗಳ ಬುಡ ಚುಚ್ಚಿ ನೋಡಿ. ಹತ್ತು ನಿಮಿಷ ಸಾಕು.