ಕೈಬರಹವನ್ನು ಓದುವ ಯಂತ್ರ

ಅಂಗೈಯಗಲದ ಫೋನಿನ ಗಾಜಿನ ಮೇಲೆ ಬೆರಳಿನಿಂದ ‘ಅ’ ಎಂದು ಗೀಚಿದರೆ ಮೇಲುಗಡೆ ಅಚ್ಚಿನ ‘ಅ’ ಮೂಡಿಬರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇದು ನಡೆಯುವ ಬಗೆ ಯಾವುದು, ನಮ್ಮ ಕನ್ನಡ ಲಿಪಿಯು ಅದಕ್ಕೆ ಒಡ್ಡುವ ತೊಡಕುಗಳಾವುವು ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಉತ್ತರಪತ್ರಿಕೆಗಳನ್ನು ಓದಲು ಉಪನ್ಯಾಸಕರು ಪಡುವ ಪಾಡನ್ನು ಬಲ್ಲವರಿಗೆ ಇದು ಸಾಮಾನ್ಯ ಕಾರ್ಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಯಂತ್ರವು ಅಕ್ಷರದ ಚಿತ್ರವನ್ನು ನೋಡಿ ಗುರುತಿಸುತ್ತದೆಂದು ಹಲವರು ಎಣಿಸಿದ್ದಾರೆ. ಹಾಗಲ್ಲ, ಅದು ಗಮನಿಸುವುದು ಕೈಯ ನಡೆಯನ್ನು. ಬೆರಳು ಗಾಜನ್ನು ಮುಟ್ಟಿದ ಕ್ಷಣದಿಂದ ಎತ್ತುವವರೆಗೆ ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಸಾಗಿತೆಂಬುದು ಬಿಂದುಗಳ ಸಾಲಾಗಿ ದಾಖಲಾಗುತ್ತದೆ. ಗೂಗಲ್ ಸಂಸ್ಥೆಯ ಸಂಶೋಧಕರು 2019ರಲ್ಲಿ ವಿವರಿಸಿದ ವಿಧಾನದಲ್ಲಿ ಈ ಬಿಂದುಗಳನ್ನು ಕೆಲವೇ ವಕ್ರರೇಖೆಗಳಾಗಿ ಅಡಕಮಾಡಿ, ಆ ಸಾಲನ್ನು ಮೊದಲಿನಿಂದ ಕೊನೆಗೂ ಕೊನೆಯಿಂದ ಮೊದಲಿಗೂ ಪರಿಶೀಲಿಸಲಾಗುತ್ತದೆ. ಅನೇಕರ ಬರಹದ ಮಾದರಿಗಳಿಂದ ಮೊದಲೇ ಪಾಠ ಕಲಿತಿರುವ ಯಂತ್ರವು, ಇದು ‘ದ’ ಆಗಿರುವ ಸಂಭವವೆಷ್ಟು, ‘ಧ’ ಆಗಿರುವ ಸಂಭವವೆಷ್ಟು ಎಂದು ಲೆಕ್ಕಹಾಕುತ್ತದೆ. ಆ ಬಳಿಕ, ಇಂಥ ಪದ ಭಾಷೆಯಲ್ಲಿ ಎಷ್ಟು ಬಳಕೆಯಲ್ಲಿದೆಯೆಂಬುದನ್ನೂ ತೂಗಿನೋಡುತ್ತದೆ. ಈ ಎರಡನೆಯ ತೂಕವಿಲ್ಲದಿದ್ದರೆ ಕೊಟ್ಟಿಗೆಯಲ್ಲಿ ದನದ ಬದಲು ಧನವನ್ನೇ ಕಟ್ಟಬೇಕಾಗುತ್ತಿತ್ತು!

ಈ ವಿದ್ಯೆ ಒಮ್ಮೆಲೇ ಸಿದ್ಧಿಸಿದುದಲ್ಲ. 1993ರಲ್ಲಿ ಬಂದ ಆಪಲ್ ಸಂಸ್ಥೆಯ ‘ನ್ಯೂಟನ್’ ಬರೆದುದೊಂದು, ಓದಿದುದೊಂದು ಎಂಬ ನಗೆಗೀಡಾಯಿತು. 1996ರ ‘ಪಾಮ್ ಪೈಲಟ್’ ಜನರಿಗೇ ಹೊಸ ಬಗೆಯ ಸರಳ ಅಕ್ಷರಗಳನ್ನು ಕಲಿಸಿ ಪಾರಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮುಂದಾಗಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಮೇಲೆ ಕಡ್ಡಿಯಿಂದ ಯಾವ ಭಾಷೆಯಲ್ಲಾದರೂ ಬರೆದು ಕಳುಹಿಸಬಹುದಾಗಿತ್ತಾದರೂ ಹೋಗುತ್ತಿದ್ದುದು ಬರಹದ ಚಿತ್ರವೇ ಹೊರತು ಅಕ್ಷರಗಳಲ್ಲ. 2015ರಲ್ಲಿ ಗೂಗಲ್ ಸಂಸ್ಥೆಯು 82 ಭಾಷೆಗಳ ಕೈಬರಹವನ್ನು ಓದುವ ತಂತ್ರಾಂಶವನ್ನು ಆಂಡ್ರಾಯ್ಡ್ ಫೋನುಗಳಿಗೆ ಒದಗಿಸಿತು. ಅವುಗಳಲ್ಲಿ ಕನ್ನಡವೂ ಒಂದು.

ಕನ್ನಡದ ವರ್ಣಮಾಲೆ 49 ಅಕ್ಷರಗಳದೇ ಆದರೂ ಬರೆಯುವಾಗಿನ ರೂಪಗಳು ಅಷ್ಟಕ್ಕೆ ನಿಲ್ಲುವುದಿಲ್ಲ. 34 ವ್ಯಂಜನಗಳನ್ನು 13 ಸ್ವರಗಳೊಡನೆ ಕೂಡಿಸಿದರೆ 442 ರೂಪಗಳು; ಪ್ರತಿಯೊಂದಕ್ಕೂ ಒಂದೊಂದು ಒತ್ತನ್ನು ಕೊಟ್ಟರೆ ಲೆಕ್ಕದ ಪ್ರಕಾರ 15,028. ಬಳಕೆಯಲ್ಲಿ ಇಷ್ಟೂ ಬಾರವು ನಿಜ. ಆದರೆ ಸಂಖ್ಯೆಗಿಂತ ದೊಡ್ಡ ತೊಡಕು ಕ್ರಮದ್ದು. ನಮ್ಮ ಜಿಲ್ಲೆಯ ಹೆಸರುಗಳನ್ನೇ ನೋಡಿ. ಅರಕಲಗೂಡು, ಹೊಳೆನರಸೀಪುರ ಒತ್ತಿಲ್ಲದ ಸಾಧುಗಳು. ಮಲ್ಲಿಪಟ್ಟಣದಲ್ಲಿಯೋ ಎರಡು ಒತ್ತುಗಳು. ‘ಲ್ಲಿ’ ಎನ್ನುವಾಗ ಬಾಯಿ ಎರಡು ಲಕಾರಗಳನ್ನು ನುಡಿದಮೇಲೆ ಇಕಾರವನ್ನು ನುಡಿಯುತ್ತದೆ. ಯಂತ್ರದ ಒಳಗೂ ಅದೇ ಕ್ರಮದಲ್ಲಿ ಸಂಗ್ರಹವಾಗಬೇಕು. ಕೈಯಾದರೋ ಮೊದಲು ‘ಲಿ’ ಬರೆದು ಅನಂತರ ಕೆಳಗೆ ಒತ್ತನ್ನು ಇಡುತ್ತದೆ. ಇನ್ನು ‘ಕರ್ನಾಟಕ’ವೆಂದು ಬರೆಯುವಾಗ ‘ನಾ’ ಮುಗಿದಮೇಲೆ ಬರುವ ಅರ್ಕಾವತ್ತು, ನುಡಿಯಲ್ಲಿ ನಕಾರಕ್ಕೂ ಮುಂಚಿನದು. ಕೆಲವು ಹಿರಿಯರು ಪದವನ್ನೆಲ್ಲ ಬರೆದು ಮುಗಿಸಿ, ಒತ್ತುಗಳನ್ನು ಕಡೆಯಲ್ಲಿ ಬಿತ್ತುತ್ತ ಬರುವುದೂ ಉಂಟು. ಹಿಂದೆ ಬಂದುದನ್ನು ಮುಂದಕ್ಕೂ ಕಡೆಯಲ್ಲಿ ಬಂದುದನ್ನು ನಡುವಿಗೂ ಸೇರಿಸಿಕೊಳ್ಳುವ ಜಾಣತನ ಯಂತ್ರಕ್ಕೆ ಬೇಕು. ಇಂಗ್ಲಿಷಿನಲ್ಲಿ ಈ ಪೀಕಲಾಟ ತೀರ ಕಡಮೆ.

ಇಷ್ಟು ಶ್ರಮವೇಕೆ, ಕೀಲಿಮಣೆಯಿಲ್ಲವೇ ಎಂದು ಕೆಲವು ಮಿತ್ರರು ಕೇಳಬಹುದು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ಸುಲಭವೇ ಸರಿ. ಆದರೆ ಅದು ಸುಲಭವಾಗುವುದು ಇಂಗ್ಲಿಷ್ ಅಕ್ಷರಗಳ ಜಾಗವನ್ನು ಬಲ್ಲವರಿಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಾಯಿ ಓದಿದ್ದು ನಾಲ್ಕನೆಯ ತರಗತಿ. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಇಂದಿಗೂ ದುಂಡಗೆ ಬರೆದಿಡುತ್ತಾರೆ. ಕೀಲಿಮಣೆಯ ಮುಂದೆ ಅವರು ನಿರಕ್ಷರಿ, ಬೆರಳೂರಿದರೆ ಸಾಕ್ಷರೆ. ಇಂಥವರು ನಮ್ಮ ಹೋಬಳಿಯಲ್ಲಿ ಮನೆಗೊಬ್ಬರಿದ್ದಾರೆ. ಮಕ್ಕಳ ಕೈಯಲ್ಲಿ ಬರೆಸದೆ ತಮ್ಮ ಮಾತನ್ನು ತಾವೇ ಬರೆದು ಕಳುಹಿಸುವುದು ಅವರಿಗೆ ಸಣ್ಣ ವಿಷಯವಲ್ಲ.

ಆದರೆ ಮೇಲೆ ಹೇಳಿದ ಎರಡನೆಯ ತೂಕ ಇಲ್ಲಿ ತಿರುಗಿ ಬೀಳುತ್ತದೆ. ಯಂತ್ರವು ಬಳಕೆಯ ಪದದತ್ತ ವಾಲುವುದರಿಂದ ಅಪರೂಪದ ಪದ ಸೋಲುವ ಸಂಭವ ಹೆಚ್ಚು. ಹೊಲದ ಹೆಸರು, ಮನೆದೇವರ ಹೆಸರು, ನಮ್ಮ ಕಡೆಯ ಆಡುಮಾತು ಪುಸ್ತಕಗಳಲ್ಲಿ ಎಷ್ಟು ಕಂಡಾವು? ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಪಹಣಿಗೂ ಅರ್ಜಿಗೂ ತಾಳೆಯಾಗದೆ ರೈತನು ಎಷ್ಟು ಸಲ ಬಸ್ಸು ಹತ್ತಬೇಕೆಂಬುದು ಹಳ್ಳಿಯವರಿಗೆ ಗೊತ್ತು. ವಿಜ್ಞಾನ ಸಂಸ್ಥೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಕನ್ನಡ ಕೈಬರಹದ ಪ್ರಬಂಧವೊಂದು ಇಂತಿಷ್ಟೇ ಪದಗಳೆಂಬ ಪಟ್ಟಿಗೆ ಕಟ್ಟುಬೀಳದೆ ಓದುವುದನ್ನೇ ಗುರಿಯಾಗಿ ಇಟ್ಟುಕೊಂಡಿತ್ತು. ನನ್ನ ಮಟ್ಟಿಗೆ ಹಿಡಿಯಬೇಕಾದ ಹಾದಿ ಅದೇ. ಅಲ್ಲಿಯವರೆಗೆ, ಇಂಥ ಹೆಸರುಗಳನ್ನು ಒಂದೇ ಉಸಿರಿಗೆ ಬರೆಯದೆ ಒಂದೊಂದೇ ಅಕ್ಷರವಾಗಿ ಬರೆಯುವುದು ಮೇಲು. ಆಗ ಪದದ ಊಹೆಗೆ ಎಡೆ ಕಡಮೆಯಾಗಿ, ಕೈ ನಡೆದ ದಾರಿಯನ್ನೇ ಯಂತ್ರ ಹೆಚ್ಚಾಗಿ ನಂಬಬೇಕಾಗುತ್ತದೆ.