ಬೈಸಿಕಲ್ಲಿಗೆ ಜೆಟ್ ಯಂತ್ರ

ಮನುಷ್ಯನು ತನ್ನ ಮೈಬಲವೊಂದನ್ನೇ ನಂಬಿ ಸಂಚರಿಸುವುದಕ್ಕೆ ಕಂಡುಕೊಂಡ ಸಾಧನಗಳಲ್ಲಿ ಬೈಸಿಕಲ್ಲಿಗಿಂತ ಮಿತವ್ಯಯದ್ದು ಬೇರೊಂದಿಲ್ಲ. ಬೆಂಕಿಯ ಬಲವನ್ನು ನಂಬಿ ಕಂಡುಕೊಂಡ ಸಾಧನಗಳಲ್ಲಿ, ನಿಧಾನವಾಗಿ ಚಲಿಸುವ ಕಾಲಕ್ಕೆ, ಜೆಟ್ ಯಂತ್ರದಷ್ಟು ದುಂದುಗಾರನಾದದ್ದು ಸಿಕ್ಕುವುದು ಕಷ್ಟ. ಹೀಗೆ ಸ್ವಭಾವದಲ್ಲಿ ಉತ್ತರ ದಕ್ಷಿಣವಾಗಿರುವ ಇವೆರಡನ್ನೂ ಒಂದೇ ಚೌಕಟ್ಟಿಗೆ ಬಿಗಿದು, ಮೇಲೆ ಕುಳಿತು ಸವಾರಿ ಮಾಡಬೇಕೆಂಬ ಹಂಬಲ ಮಾತ್ರ ಲೋಕದಲ್ಲಿ ಹಲವರಿಗೆ ಹುಟ್ಟಿದೆ. ಪಾಶ್ಚಾತ್ಯ ದೇಶಗಳಲ್ಲಿ ಕೆಲವರು ಮನೆಯ ಹಿತ್ತಲಿನಲ್ಲಿಯೇ ಇಂಥ ವಾಹನವನ್ನು ಕಟ್ಟಿ ಓಡಿಸಿಯೂ ಇದ್ದಾರೆ. ಅದರ ಚಲಚ್ಚಿತ್ರಗಳನ್ನು ನಮ್ಮ ತರುಣರು ಕಣ್ಣರಳಿಸಿ ನೋಡುತ್ತಾರೆ.

ದಾವಣಗೆರೆ, ಹರಿಹರಗಳಂಥ ಊರುಗಳಲ್ಲಿ ಬೆಸುಗೆಯ ಅಂಗಡಿ, ಲೇತು, ಹಳೆಯ ಲಾರಿಗಳ ಬಿಡಿಭಾಗ ಎಲ್ಲವೂ ಕೈಗೆಟುಕುವಷ್ಟು ದೂರದಲ್ಲಿರುತ್ತವೆ. ಅಲ್ಲಿನ ಹುಡುಗನೊಬ್ಬನು “ನಾವೂ ಒಂದನ್ನು ಮಾಡಿದರೇನು?” ಎಂದು ಕೇಳಿದರೆ ಅದು ಸಹಜವೇ. ಅವನನ್ನು ಗದರಿಸಿ ಸುಮ್ಮನಿರಿಸುವುದು ಸುಲಭ. ಆದರೆ ಗದರಿಕೆಯಿಂದ ಯಾರಿಗೂ ತಿಳಿವಳಿಕೆ ಬಂದುದಿಲ್ಲ. ಈ ಯಂತ್ರವು ಹೇಗೆ ನಡೆಯುತ್ತದೆ, ಬೈಸಿಕಲ್ಲಿನ ಮೇಲೆ ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಸಾವಧಾನವಾಗಿ ವಿಚಾರಿಸಿ ನೋಡೋಣ.

ಮೊದಲು ತತ್ತ್ವವನ್ನು ತೆಗೆದುಕೊಳ್ಳೋಣ. ತುಂಗಭದ್ರೆಯಲ್ಲಿ ಒಬ್ಬನು ಹರಿಗೋಲಿನಲ್ಲಿ ಕುಳಿತಿದ್ದಾನೆಂದು ಭಾವಿಸಿರಿ. ಮುಂದಕ್ಕೆ ಹೋಗಲು ಅವನಿಗೆ ಎರಡು ದಾರಿಗಳುಂಟು. ಬಿದಿರ ಗಳವನ್ನು ಹೊಳೆಯ ತಳಕ್ಕೆ ಊರಿ ಒತ್ತುವುದು ಒಂದು. ಹರಿಗೋಲಿನಲ್ಲಿ ಕಲ್ಲುಗಳನ್ನು ಹೇರಿಕೊಂಡು, ಅವುಗಳನ್ನು ಒಂದೊಂದಾಗಿ ಹಿಂದಕ್ಕೆ ಬಲವಾಗಿ ಎಸೆಯುವುದು ಇನ್ನೊಂದು. ಎಸೆದ ಪ್ರತಿಯೊಂದು ಕಲ್ಲೂ ಹರಿಗೋಲನ್ನು ಮುಂದಕ್ಕೆ ನೂಕುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯುಂಟೆಂದು ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮವು ಇದೇ. ಬೈಸಿಕಲ್ಲಿನ ಹಿಂಚಕ್ರವು ಗಳದ ಹಾಗೆ: ಅದು ನೆಲವನ್ನು ಒತ್ತುತ್ತದೆ. ಜೆಟ್ ಯಂತ್ರವು ಕಲ್ಲೆಸೆಯುವವನ ಹಾಗೆ: ಅದು ಕಾದ ಅನಿಲವನ್ನು ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೆ ಚಕ್ರದ ಹಂಗಿಲ್ಲ, ಸರಪಣಿಯ ಹಂಗಿಲ್ಲ, ರಸ್ತೆಯ ಹಂಗೂ ಇಲ್ಲ. ಜೆಟ್ ಬೈಸಿಕಲ್ಲಿನಲ್ಲಿ ಚಕ್ರಗಳು ಸುಮ್ಮನೆ ಉರುಳುತ್ತವೆ, ಅಷ್ಟೆ.

ಈ ತತ್ತ್ವವು ನಮ್ಮ ನಾಡಿಗೆ ಹೊಸದಲ್ಲ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯಗಳು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿ ಹಾರಿಸುತ್ತಿದ್ದ ಬಾಣಗಳು 1780ರ ಪೊಲ್ಲಿಲೂರಿನ ಯುದ್ಧದಲ್ಲಿ ಪ್ರಸಿದ್ಧವಾದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಅವು ಇಂಗ್ಲೆಂಡನ್ನು ಸೇರಿ, ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಇಂಥ ಕೊಳವೆಗಳು ಸಾವಿರಕ್ಕೂ ಮೀರಿ ದೊರೆತವು. ಕಬ್ಬಿಣದ ಕೊಳವೆಯು ಕಾಗದದ ಅಥವಾ ಬಿದಿರಿನ ಕೊಳವೆಗಿಂತ ಹೆಚ್ಚಿನ ಒತ್ತಡವನ್ನು ತಾಳುತ್ತದೆ. ಒತ್ತಡವು ಹೆಚ್ಚಿದಷ್ಟೂ ಅನಿಲವು ರಭಸದಿಂದ ಹೊರಬೀಳುತ್ತದೆ. ಮೈಸೂರು ಬಾಣದ ಹಿರಿಮೆಯೆಲ್ಲ ಈ ಒಂದು ಅಂಶದಲ್ಲಿತ್ತು.

ಬಾಣಕ್ಕೂ ಜೆಟ್ಟಿಗೂ ಭೇದವಿಷ್ಟೆ. ಬಾಣವು ಇಂಧನವನ್ನೂ, ಅದು ಉರಿಯಲು ಬೇಕಾದ ಆಮ್ಲಜನಕವನ್ನೂ ತನ್ನೊಳಗೇ ಹೊತ್ತಿರುತ್ತದೆ. ಜೆಟ್ಟು ಇಂಧನವನ್ನು ಮಾತ್ರ ಹೊತ್ತು, ಆಮ್ಲಜನಕವನ್ನು ಸುತ್ತಣ ಗಾಳಿಯಿಂದ ಸೆಳೆದುಕೊಳ್ಳುತ್ತದೆ. ಜೆಟ್ ಬಲದಿಂದ ವಿಮಾನವು ಮೊದಲು ಹಾರಿದುದು 1939ರ ಆಗಸ್ಟ್ 27ರಂದು, ಜರ್ಮನಿಯಲ್ಲಿ. ಮೈಸೂರು ಸರ್ಕಾರದ ಸಹಾಯದಿಂದ 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು 1961ರಲ್ಲಿ ‘ಮಾರುತ’ವೆಂಬ ಜೆಟ್ ವಿಮಾನವನ್ನು ಹಾರಿಸಿತು.

ಹಿತ್ತಲಿನ ಕುಶಲಿಗಳು ಕಟ್ಟುವ ಜೆಟ್ಟುಗಳು ಮುಖ್ಯವಾಗಿ ಎರಡು ಬಗೆಯವು. ಲಾರಿಯ ಹಳೆಯ ಟರ್ಬೋಚಾರ್ಜರಿನಿಂದ ಮಾಡುವುದು ಮೊದಲನೆಯ ಬಗೆ. ಅದರಲ್ಲಿ ಒಂದೇ ಅಚ್ಚಿನ ಮೇಲೆ ಎರಡು ರೆಕ್ಕೆಚಕ್ರಗಳಿರುತ್ತವೆ. ಒಂದು ಗಾಳಿಯನ್ನು ಸೆಳೆದು ಅದುಮುತ್ತದೆ. ಅದುಮಿದ ಗಾಳಿಯಲ್ಲಿ ಇಂಧನವು ಉರಿಯುತ್ತದೆ. ಉರಿದ ಅನಿಲವು ಎರಡನೆಯ ಚಕ್ರವನ್ನು ತಿರುಗಿಸಿ, ಉಳಿದ ರಭಸದಿಂದ ಹೊರಕ್ಕೆ ಚಿಮ್ಮುತ್ತದೆ. ಈ ಅಚ್ಚು ನಿಮಿಷಕ್ಕೆ ಲಕ್ಷದ ಎಣಿಕೆಯಲ್ಲಿ ಸುತ್ತುವುದುಂಟು. ಎಣ್ಣೆಯ ಹರಿವು ತಪ್ಪಿದರೆ ಅಥವಾ ಚಕ್ರವು ಒಡೆದರೆ ಅದರ ಚೂರುಗಳು ಬಂದೂಕಿನ ಗುಂಡುಗಳಂತೆ ಹಾರುತ್ತವೆ.

ಎರಡನೆಯದು ಮಿಡಿತದ ಜೆಟ್ಟು. ಇದರಲ್ಲಿ ತಿರುಗುವ ಭಾಗವೊಂದೂ ಇಲ್ಲ. ನೋಡುವುದಕ್ಕೆ ಬಾಗಿದ ಉಕ್ಕಿನ ಕೊಳವೆ ಮಾತ್ರ. ನಡುವೆ ಉಬ್ಬಿದ ದಹನಕೋಶ, ಒಂದು ಕಡೆಗೆ ಗಾಳಿ ಬರುವ ಮೋಟು ಕೊಳವೆ, ಇನ್ನೊಂದು ಕಡೆಗೆ ಅನಿಲ ಹೋಗುವ ಉದ್ದ ಕೊಳವೆ. ಕೋಶದೊಳಕ್ಕೆ ಅನಿಲವನ್ನು ಬಿಟ್ಟು, ಗಾಳಿಯೂದಿ, ಕಿಡಿ ತಾಗಿಸಿದರೆ ಮೊದಲನೆಯ ಸ್ಫೋಟವಾಗುತ್ತದೆ. ಹೊರಕ್ಕೆ ನುಗ್ಗುವ ಅನಿಲವು ತನ್ನ ಜಡತ್ವದಿಂದ ಬೇಕಾದುದಕ್ಕಿಂತ ಹೆಚ್ಚು ದೂರ ಸಾಗುವುದರಿಂದ ಕೋಶದಲ್ಲಿ ಒತ್ತಡವು ಹೊರಗಣ ಗಾಳಿಗಿಂತ ಕಡಿಮೆಯಾಗುತ್ತದೆ. ಆಗ ಹೊಸ ಗಾಳಿಯು ತಾನಾಗಿಯೇ ಒಳಕ್ಕೆ ಬರುತ್ತದೆ. ಹಿಂದಿನ ಸ್ಫೋಟದ ಬಿಸಿಯೇ ಅದನ್ನು ಹೊತ್ತಿಸುತ್ತದೆ. ಮುಂದೆ ಕಿಡಿಯ ಅಗತ್ಯವೇ ಇಲ್ಲ. ಕೊಳವೆಯು ಚಿಕ್ಕದಾದಷ್ಟೂ ಈ ಮಿಡಿತವು ಚುರುಕು. 1944ರ ಜೂನ್ ತಿಂಗಳಿನಿಂದ ಲಂಡನ್ನಿನ ಮೇಲೆ ಬಿದ್ದ ಜರ್ಮನರ ಹಾರುವ ಬಾಂಬುಗಳಿಗೆ ಇದೇ ಜಾತಿಯ ಯಂತ್ರವಿತ್ತು; ಅದು ಸೆಕೆಂಡಿಗೆ ಸುಮಾರು 45 ಬಾರಿ ಮಿಡಿಯುತ್ತಿತ್ತು. ಆ ಗುಂಯ್‌ಗುಟ್ಟುವ ಸದ್ದನ್ನು ಕೇಳಿಯೇ ಜನ ಅಡಗುತಾಣಗಳಿಗೆ ಓಡುತ್ತಿದ್ದರು.

ಈಗ ಈ ಮಿಡಿತದ ಜೆಟ್ಟನ್ನು ಬೈಸಿಕಲ್ಲಿಗೆ ಕೂಡಿಸಿ ಲೆಕ್ಕ ಹಾಕೋಣ. ಯಂತ್ರದ ನೂಕುಬಲವು 10 ಕಿಲೋಗ್ರಾಂ ತೂಕಕ್ಕೆ ಸಮ, ಅದು ನಿಮಿಷಕ್ಕೆ ಅರ್ಧ ಕಿಲೋಗ್ರಾಂ ಇಂಧನವನ್ನು ಉರಿಸುತ್ತದೆ, ಸವಾರನೂ ವಾಹನವೂ ಸೇರಿ 100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ವೇಗವು ಇಮ್ಮಡಿಯಾದರೆ ತಡೆಯು ನಾಲ್ಮಡಿಯಾಗುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ಈ ನೂಕುಬಲವೂ ತಡೆಯೂ ಸರಿದೂಗುವುದು ಗಂಟೆಗೆ ಸುಮಾರು 58 ಕಿಲೋಮೀಟರಿನಲ್ಲಿ. ಆಗ ವಾಹನಕ್ಕೆ ಸಲ್ಲುವ ಶಕ್ತಿ ಒಂದೂವರೆ ಕಿಲೋವಾಟಿಗಿಂತ ತುಸು ಹೆಚ್ಚು. ಉರಿಯುವ ಇಂಧನದ ಶಕ್ತಿಯಾದರೋ ಸುಮಾರು 350 ಕಿಲೋವಾಟ್. ಇನ್ನೂರರಲ್ಲಿ ಒಂದು ಪಾಲೂ ಸವಾರನಿಗೆ ದಕ್ಕಲಿಲ್ಲ!

ಉಳಿದುದೆಲ್ಲ ಎಲ್ಲಿ ಹೋಯಿತು? ಹರಿಗೋಲನ್ನು ಮತ್ತೆ ನೆನೆಯಿರಿ. ಗಳವನ್ನು ಊರಿ ಒತ್ತುವವನು ಹೊಳೆಯ ತಳವನ್ನು ಕದಲಿಸುವುದಿಲ್ಲವಾದ್ದರಿಂದ ಅವನ ಶ್ರಮದ ಬಹುಪಾಲು ಹರಿಗೋಲಿಗೇ ಸೇರುತ್ತದೆ. ಕಲ್ಲನ್ನು ಎಸೆಯುವವನ ಶ್ರಮವನ್ನು ಹೆಚ್ಚಾಗಿ ಕಲ್ಲೇ ಹೊತ್ತೊಯ್ಯುತ್ತದೆ. ಅನಿಲವು ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುವಾಗ ವಾಹನವು 16 ಮೀಟರ್ ಮಾತ್ರ ಮುಂದಕ್ಕೆ ಹೋದರೆ, ಚಿಮ್ಮಿದ ರಭಸದಲ್ಲಿ ನೂರಕ್ಕೆ ಸುಮಾರು ಆರು ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆ. ಇಂಧನದ ಹೆಚ್ಚಿನ ಶಾಖವು ಅದಕ್ಕೂ ಮೊದಲೇ ಬಯಲಾಗಿರುತ್ತದೆ. ಅದೇ ರಭಸದ ಜೆಟ್ಟು ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನದಲ್ಲಿದ್ದರೆ ಆ ಆರು ಪಾಲು ಅರುವತ್ತಾರಾಗುತ್ತದೆ. ಜೆಟ್ಟು ಕೆಟ್ಟ ಯಂತ್ರವಲ್ಲ. ಆಕಾಶದ ವೇಗಕ್ಕೆ ಹುಟ್ಟಿದ ಯಂತ್ರ.

ಇದನ್ನೇ ಮನೆಮಾತಿನಲ್ಲಿ ಹೇಳುವುದಾದರೆ, ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್ ದಾರಿ. ಈ ಜೆಟ್ ಬೈಸಿಕಲ್ಲು ಕಾಲು ಗಂಟೆಯಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಡುಗೆ ಅನಿಲದ ತುಂಬು ಸಿಲಿಂಡರಿನ ಅರ್ಧವನ್ನು ನುಂಗಿರುತ್ತದೆ. ಸಾಮಾನ್ಯ ಸವಾರನು ಮುಕ್ಕಾಲು ಗಂಟೆಯೊಳಗೆ ಅದೇ ದಾರಿಯನ್ನು ತುಳಿದು ಮುಗಿಸುತ್ತಾನೆ. ಅವನಿಗೆ ಬೇಕಾದ ಇಂಧನವು ಒಂದೋ ಎರಡೋ ಬೆಣ್ಣೆದೋಸೆ.

ಹಣದ ನಷ್ಟವನ್ನು ಹೇಗೋ ಸಹಿಸಬಹುದು. ಪ್ರಾಣದ ವಿಷಯ ಹಾಗಲ್ಲ. ಚಲನಶಕ್ತಿಯೂ ವೇಗದ ವರ್ಗವನ್ನೇ ಅನುಸರಿಸುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನ ಮೈಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು ಶಕ್ತಿಯಿರುತ್ತದೆ. 60 ಕಿಲೋಮೀಟರಿಗೆ ಏರಿದರೆ ಅದು ಒಂಬತ್ತು ಪಟ್ಟಾಗಿ, 14 ಮೀಟರ್ ಎತ್ತರದ ಅಡಕೆಮರದ ತುದಿಯಿಂದ ಬಿದ್ದುದಕ್ಕೆ ಸಮನಾಗುತ್ತದೆ. ಈ ಶಕ್ತಿಯನ್ನೆಲ್ಲ ನುಂಗಿ ವಾಹನವನ್ನು ನಿಲ್ಲಿಸಬೇಕಾದುದು ಮೊದಲನೆಯ ವೇಗಕ್ಕೆಂದು ಮಾಡಿದ ಎರಡು ಚಿಕ್ಕ ರಬ್ಬರಿನ ತುಂಡುಗಳು. ಜೊತೆಗೆ, ಬ್ರೇಕು ಹಿಡಿದ ಮಾತ್ರಕ್ಕೆ ಜೆಟ್ಟು ನಿಲ್ಲುವುದಿಲ್ಲ. ಇಂಧನದ ಹರಿವು ನಿಲ್ಲುವವರೆಗೂ ಅದು ನೂಕುತ್ತಲೇ ಇರುತ್ತದೆ. ಕೊಳವೆಯು ಸ್ವಲ್ಪ ಪಕ್ಕಕ್ಕೆ ವಾಲಿದ್ದರೂ ನೂಕುಬಲವು ವಾಹನವನ್ನು ಒಂದು ಬದಿಗೆ ತಿರುವಲು ಹವಣಿಸುತ್ತದೆ. ಉಕ್ಕು ಕೆಂಪಗೆ ಕಾದಿರುತ್ತದೆ; ಇಂಧನದ ಸಿಲಿಂಡರು ಅದರ ಪಕ್ಕದಲ್ಲಿಯೇ ಇರುತ್ತದೆ. ಸದ್ದು 120 ಡೆಸಿಬೆಲ್ಲನ್ನು ಮೀರಿ ಕಿವಿಗೆ ಶಾಶ್ವತವಾದ ಕೇಡನ್ನುಂಟುಮಾಡಬಲ್ಲದು.

“ಫ್ರಾನ್ಸಿನವನೊಬ್ಬ ಬೈಸಿಕಲ್ಲಿನಲ್ಲಿ 333 ಕಿಲೋಮೀಟರ್ ಓಡಲಿಲ್ಲವೆ?” ಎಂದು ಕೇಳುವವರಿದ್ದಾರೆ. ನಿಜ, 2014ರಲ್ಲಿ ಫ್ರಾನ್ಸ್ವಾ ಜಿಸ್ಸಿ ಎಂಬಾತನು ಐದು ಸೆಕೆಂಡುಗಳೊಳಗೆ ಗಂಟೆಗೆ 333 ಕಿಲೋಮೀಟರ್ ವೇಗವನ್ನು ಮುಟ್ಟಿದನು. ಆದರೆ ಅದು ಹೈಡ್ರೊಜನ್ ಪೆರಾಕ್ಸೈಡಿನ ರಾಕೆಟ್ಟು, ಅದಕ್ಕೆಂದೇ ಕಟ್ಟಿದ ನೀಳವಾದ ವಾಹನ. ಓಡಿದುದು ಮೋಟಾರು ಪಂದ್ಯಗಳಿಗಾಗಿ ಕಟ್ಟಿದ ಪಥದಲ್ಲಿ. ಎಮ್ಮೆ ಅಡ್ಡಬರುವ, ಲಾರಿ ಎದುರಾಗುವ ರಸ್ತೆಯಲ್ಲಲ್ಲ. ಯಂತ್ರಬಲದಿಂದ ಓಡುವ ವಾಹನವನ್ನು ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಗೆ ತರಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯು ವಿಧಿಸುವುದೂ ಇಂಥ ಕಾರಣಗಳಿಂದಲೇ.

ಹಾಗಾದರೆ ತರುಣನು ಕೈಕಟ್ಟಿ ಕೂಡಬೇಕೆ? ಬೇಕಾಗಿಲ್ಲ. ಯಂತ್ರವನ್ನು ಕಟ್ಟಲಿ, ಅದನ್ನು ಬೈಸಿಕಲ್ಲಿಗಲ್ಲ, ಕಾಲೇಜಿನ ಕಾರ್ಯಾಗಾರದಲ್ಲಿ, ಬಲ್ಲವರ ಎದುರಿನಲ್ಲಿ, ನೆಲಕ್ಕೆ ಬಿಗಿದ ಉಕ್ಕಿನ ಪೀಠಕ್ಕೆ ಕೂಡಿಸಲಿ. ಗೋಡೆಯ ಮರೆಯಲ್ಲಿ ನಿಂತು, ದೂರದಿಂದಲೇ ಇಂಧನವನ್ನು ನಿಲ್ಲಿಸುವ ಏರ್ಪಾಡನ್ನು ಮೊದಲು ಮಾಡಿಕೊಳ್ಳಲಿ. ಪೀಠಕ್ಕೆ ಒಂದು ಸ್ಪ್ರಿಂಗ್ ತಕ್ಕಡಿಯನ್ನು ಸೇರಿಸಿ ನೂಕುಬಲವನ್ನು ಅಳೆಯಲಿ. ಸಿಲಿಂಡರನ್ನು ಮೊದಲೂ ಆಮೇಲೂ ತೂಗಿ, ಎಷ್ಟು ಇಂಧನಕ್ಕೆ ಎಷ್ಟು ಬಲ ಬಂದಿತೆಂದು ಬರೆದಿಡಲಿ. ಕೊಳವೆಯ ಉದ್ದವನ್ನು ಬದಲಾಯಿಸಿ ಮತ್ತೆ ಅಳೆಯಲಿ. ಇಲ್ಲಿ ಕೊಟ್ಟಿರುವ ಲೆಕ್ಕವು ಸರಿಯೇ ತಪ್ಪೇ ಎಂಬುದನ್ನು ಅವನೇ ತೀರ್ಮಾನಿಸಬಹುದು. ಸವಾರಿಯು ಕೊಡುವ ರೋಮಾಂಚನವು ಕಾಲು ಗಂಟೆಯದು. ಅಳತೆಯಿಂದ ಬಂದ ತಿಳಿವಳಿಕೆಯು ಬಾಳಿನುದ್ದಕ್ಕೂ ಉಳಿಯುತ್ತದೆ.

ಈ ಸೀಮೆಗೆ ಅಳತೆಯ ವಿದ್ಯೆ ಅಪರಿಚಿತವಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ಮಾಡಿ ಹೆಸರು ಪಡೆಯಿತು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪದ ಕೆಲಸ ಅದು. ಆ ಕಾರ್ಖಾನೆಯು ಈಗ ಮುಚ್ಚಿದೆ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಇಂದಿಗೂ ಪಾಠ ಹೇಳುತ್ತಿದೆ. ಕೈಚಳಕವುಳ್ಳ ಹುಡುಗನು ತನ್ನ ಕೊಳವೆಯನ್ನು ಇಂಥ ಕಾಲೇಜಿನ ಬಾಗಿಲಿಗೆ ಹೊತ್ತು ತಂದಾಗ ಅಧ್ಯಾಪಕರು ಬಾಗಿಲು ತೆರೆಯಬೇಕು. ತೆರೆಯದಿದ್ದರೆ ಅವನು ಹೋಗುವುದು ಹೆದ್ದಾರಿಗೆ.

ಹರಿಹರದ ಬಳಿ ಸಾರಥಿ ಎಂಬ ಊರಿದೆ. ರಥಕ್ಕೆ ಎಷ್ಟೇ ಬಲವಾದ ಕುದುರೆಗಳನ್ನು ಹೂಡಿದರೂ ಅವುಗಳನ್ನು ಹಿಡಿದು ನಿಲ್ಲಿಸಬಲ್ಲವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಜೆಟ್ಟು ಕುದುರೆಯನ್ನು ಕೊಡುತ್ತದೆ, ಕಡಿವಾಣವನ್ನು ಕೊಡುವುದಿಲ್ಲ. ಕಡಿವಾಣವು ಸಿದ್ಧವಾದ ಮೇಲೆ ಕುದುರೆಯನ್ನು ಹೂಡುವುದು ಲೇಸು.