ತರಂಗಂಬಾಡಿಯಲ್ಲಿ ಒಂದು ದಿನ

ಪ್ರವಾಸವೆಂಬುದು ಹಣವುಳ್ಳವರ ವಿನೋದವೆಂಬ ಭಾವನೆ ನಮ್ಮ ಗೃಹಸ್ಥರಲ್ಲಿ ಬಲವಾಗಿ ಬೇರೂರಿದೆ. ತೀರ್ಥಯಾತ್ರೆಗಾದರೆ ಸಾಲ ಮಾಡಿಯಾದರೂ ಹೊರಡುವೆವು. ಸುಮ್ಮನೆ ಒಂದು ಊರನ್ನು ನೋಡಿ ಬರುವುದೆಂದರೆ ಮನಸ್ಸು ಹಿಂಜರಿಯುವುದು. ಈ ಸಂಕೋಚ ಎಷ್ಟರ ಮಟ್ಟಿಗೆ ಸರಿಯೆಂದು ಪರೀಕ್ಷಿಸುವುದಕ್ಕಾಗಿ ನಾವು ಒಂದು ಜೊತೆ ಬಟ್ಟೆ, ಒಂದು ಟವಲು, ನೀರಿನ ಸೀಸೆ ಇಷ್ಟನ್ನೇ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡು, ತಮಿಳುನಾಡಿನ ಕಡಲತೀರದ ತರಂಗಂಬಾಡಿಗೆ ಹೋಗಿ ಬಂದೆವು.

ಮೈಸೂರು, ಬೆಂಗಳೂರುಗಳಿಂದ ಮಯಿಲಾಡುತುರೈಗೆ ರಾತ್ರಿಯ ರೈಲು ಉಂಟು. ಬೆಳಗ್ಗೆ ಅಲ್ಲಿಳಿದು ಬಸ್ಸು ಹತ್ತಿದರೆ, ಗದ್ದೆ ತೆಂಗುಗಳ ನಡುವೆ ಸುಮಾರು ೩೦ ಕಿಲೋಮೀಟರು ಸಾಗಿ ಕಡಲನ್ನು ಸೇರಬಹುದು. ಅಲೆಗಳು ಹಾಡುವ ಊರೆಂದು ಅದರ ಹೆಸರಿಗೆ ಅರ್ಥ ಹೇಳುತ್ತಾರೆ. ಪರದೇಶದವರ ನಾಲಗೆಯಲ್ಲಿ ಅದೇ ಟ್ರಾಂಕೆಬಾರ್ ಆಯಿತು. ಬಸ್ಸಿಳಿದ ಕಡೆಯ ಸಣ್ಣ ಹೋಟೆಲಿನಲ್ಲಿ ಬಾಳೆಯೆಲೆಯ ಮೇಲೆ ಬಿಸಿ ಪೊಂಗಲು, ಒಂದು ವಡೆ, ಒಂದು ಲೋಟ ಕಾಫಿ ತೆಗೆದುಕೊಂಡು ನಡೆಯತೊಡಗಿದೆವು. ಗಾಡಿಯ ಅಗತ್ಯವೇ ಇಲ್ಲ; ಹಳೆಯ ಊರನ್ನು ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದು.

೧೭೯೨ರಲ್ಲಿ ಕಟ್ಟಿದ ಬಿಳಿಯ ಹೆಬ್ಬಾಗಿಲನ್ನು ದಾಟಿದೊಡನೆಯೇ ಬಸ್ಸಿನ ಗದ್ದಲವು ಹಿಂದಕ್ಕೆ ಉಳಿಯಿತು. ಮುಂದೆ ನೇರವಾಗಿ ಕಡಲಿನವರೆಗೆ ಹೋಗುವ ರಾಜಬೀದಿ. ಇಕ್ಕೆಲಗಳಲ್ಲಿ ಎತ್ತರವಾದ ಕಂಬಗಳ ಮನೆಗಳು, ೧೭೦೧ರ ಜಿಯೋನ್ ಚರ್ಚು, ೧೭೧೮ರ ನವ ಜೆರೂಸಲೆಮ್ ಚರ್ಚು. ಈ ಎರಡನೆಯ ಚರ್ಚಿನ ಮುಖದ ಮೇಲೆ ಡೆನ್ಮಾರ್ಕಿನ ಅರಸನಾದ ನಾಲ್ಕನೆಯ ಫ್ರೆಡರಿಕನ ಕಿರೀಟಮುದ್ರೆ ಇಂದಿಗೂ ಕಾಣುತ್ತದೆ.

ಎಲ್ಲಿಯ ಡೆನ್ಮಾರ್ಕು, ಎಲ್ಲಿಯ ಚೋಳನಾಡು! ಮೆಣಸಿನ ವ್ಯಾಪಾರವನ್ನು ಅರಸಿ ಬಂದ ಓವೆ ಗೆಡ್ಡೆ ಎಂಬ ನೌಕಾಧಿಪತಿಯು ೧೬೨೦ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದ ಮಾಡಿಕೊಂಡು ಈ ಊರನ್ನು ಪಡೆದನು. ಅದಕ್ಕೆ ಪ್ರತಿಯಾಗಿ ವರ್ಷವರ್ಷವೂ ಕಪ್ಪ ಸಲ್ಲಬೇಕಾಗಿತ್ತು. ನಾಯಕನು ಡೆನ್ಮಾರ್ಕಿನ ಅರಸನಿಗೆ ಚಿನ್ನದ ಹಾಳೆಯ ಮೇಲೆ ಬರೆಸಿ ಕಳುಹಿಸಿದ ಪತ್ರವನ್ನು ಕೋಪನ್‌ಹೇಗನ್ನಿನಲ್ಲಿ ಈಗಲೂ ಕಾಪಾಡಿದ್ದಾರೆ. ಆಗ ಎದ್ದ ಡ್ಯಾನ್ಸ್‌ಬೋರ್ಗ್ ಕೋಟೆಯು ಬೀದಿಯ ಕೊನೆಯಲ್ಲಿ ಕಡಲಿಗೆ ಎದುರಾಗಿ ನಿಂತಿದೆ. ಅಲ್ಪ ಶುಲ್ಕವನ್ನು ಕೊಟ್ಟು ಒಳಗೆ ಹೋದೆವು. ಕೆಳಗಡೆ ಉಗ್ರಾಣ, ಅಡಿಗೆಮನೆ, ಸೆರೆಮನೆ. ಮೇಲ್ಗಡೆ ಅಧಿಕಾರಿಗಳ ವಾಸದ ಕೋಣೆಗಳು, ಈಗ ಒಂದು ಚಿಕ್ಕ ವಸ್ತುಸಂಗ್ರಹಾಲಯ. ಕಿಟಕಿಯೊಂದರ ಬಳಿ ಗಾಳಿಗೆ ಮುಖವೊಡ್ಡಿ ಅರ್ಧ ಗಂಟೆ ಕುಳಿತೆವು. ಏಳಿರೆಂದು ಯಾರೂ ಹೇಳಲಿಲ್ಲ.

ಈ ಕೋಟೆಯ ಸೆರೆಯಲ್ಲಿ ೧೭೦೮ರಲ್ಲಿ ಕೆಲವು ತಿಂಗಳು ಕೊಳೆತವನು ಬಾರ್ತೊಲೊಮೇಯುಸ್ ಜೀಗೆನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿ. ೧೭೦೬ರಲ್ಲಿ, ಇನ್ನೂ ೨೪ ತುಂಬುವ ಹೊತ್ತಿಗೆ, ಡೆನ್ಮಾರ್ಕಿನ ಅರಸನ ಅಪ್ಪಣೆಯಂತೆ ಬಂದ ಈತನಿಗೂ ಇಲ್ಲಿಯ ಗವರ್ನರನಿಗೂ ಸರಿಬರಲಿಲ್ಲ. ಮತಪ್ರಚಾರಕ್ಕೆಂದು ಬಂದವನು ಇಲ್ಲಿಯವರ ಭಾಷೆಗೆ ಮನಸೋತನು. ಮಕ್ಕಳ ಜೊತೆಯಲ್ಲಿ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದಿದನೆಂದು ಹೇಳುತ್ತಾರೆ. ತಾಳೆಯೋಲೆಯ ಗ್ರಂಥಗಳನ್ನು ಕೂಡಿಹಾಕಿದನು. ದಕ್ಷಿಣದ ದೇವತೆಗಳನ್ನು ಕುರಿತು ೧೭೧೩ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದು ಜರ್ಮನಿಗೆ ಕಳುಹಿಸಿದನು. ನಿಮ್ಮನ್ನು ಕಳುಹಿಸಿದ್ದು ಇದಕ್ಕಲ್ಲವೆಂದು ಅಲ್ಲಿಯ ಹಿರಿಯರು ಅದನ್ನು ಬದಿಗಿಟ್ಟರು. ಅದು ಅಚ್ಚಾದದ್ದು ೧೮೬೭ರಲ್ಲಿ, ಮದರಾಸಿನಲ್ಲಿ. ಅಷ್ಟು ಹೊತ್ತಿಗೆ ಗ್ರಂಥಕರ್ತನು ತೀರಿಹೋಗಿ ಸುಮಾರು ಒಂದೂವರೆ ಶತಮಾನ ಕಳೆದಿತ್ತು. ೧೭೧೯ರಲ್ಲಿ ೩೬ನೆಯ ವಯಸ್ಸಿನಲ್ಲಿ ಮಡಿದ ಅವನ ಸಮಾಧಿಯು ರಾಜಬೀದಿಯ ಆ ಚರ್ಚಿನೊಳಗೇ ಇದೆ.

ಈತನ ಕಾಲದಲ್ಲಿ ಈ ಊರಿಗೆ ಅಚ್ಚಿನ ಯಂತ್ರ ಬಂದಿತು. ಜರ್ಮನಿಯಲ್ಲಿ ಎರಕ ಹೊಯ್ದು ತಂದ ತಮಿಳು ಮೊಳೆಗಳು ಬಹಳ ದಪ್ಪವಾಗಿ, ಕಾಗದವು ಸಾಲದೆ ಹೋಗಲು, ಸಣ್ಣ ಮೊಳೆಗಳನ್ನು ಇಲ್ಲಿಯೇ ಎರೆದುಕೊಂಡರು. ೧೭೧೫ರಲ್ಲಿ ತಮಿಳಿನ ಹೊಸ ಒಡಂಬಡಿಕೆಯು ಇಲ್ಲಿ ಅಚ್ಚಾಯಿತು. ಕನ್ನಡಿಗರಾದ ನಮಗೂ ಈ ಧ್ವಜದ ಹಂಗು ಸ್ವಲ್ಪ ಉಂಟು. ಬಂಗಾಳದ ಶ್ರೀರಾಮಪುರವೂ ಡೆನ್ಮಾರ್ಕಿನದೇ ಆಗಿತ್ತು. ಇಂಗ್ಲಿಷ್ ಕಂಪನಿಯು ತನ್ನ ನೆಲದಲ್ಲಿ ಪಾದ್ರಿಗಳಿಗೆ ಎಡೆಗೊಡದಿದ್ದಾಗ ವಿಲಿಯಂ ಕೇರಿಯು ೧೮೦೦ರಲ್ಲಿ ಅಲ್ಲಿ ಆಶ್ರಯ ಪಡೆದನು. ಅಲ್ಲಿಂದಲೇ ೧೮೧೭ರಲ್ಲಿ ಅವನ ಕನ್ನಡ ವ್ಯಾಕರಣವು ಹೊರಬಂದಿತು. ಕನ್ನಡ ಅಕ್ಷರ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ೧೮೪೫ರಲ್ಲಿ ಡೇನರು ಈ ಎರಡು ಊರುಗಳನ್ನೂ ಇಂಗ್ಲಿಷರಿಗೆ ಮಾರಿ ಹೊರಟುಹೋದರು.

ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆಗಳ ಊಟ ಮುಗಿಸಿ, ಬಿಸಿಲು ಇಳಿಯುವವರೆಗೆ ಮರದ ನೆರಳಿನಲ್ಲಿ ವಿಶ್ರಮಿಸಿ, ಕೋಟೆಯ ಉತ್ತರಕ್ಕೆ ಕಡಲಂಚಿನಲ್ಲಿರುವ ಮಾಸಿಲಾಮಣಿನಾಥನ ಗುಡಿಗೆ ಹೋದೆವು. ಕೋಟೆಗಿಂತ ಇದು ಮುನ್ನೂರು ವರ್ಷ ಹಿರಿಯದು; ೧೩೦೬ರಲ್ಲಿ ಪಾಂಡ್ಯ ಮಾರವರ್ಮ ಕುಲಶೇಖರನ ಕಾಲದಲ್ಲಿ ಆದದ್ದು. ಗುಡಿಯ ಮುಂಭಾಗವನ್ನು ಕಡಲು ಎಂದೋ ನುಂಗಿದೆ. ಉಳಿದುದನ್ನು ಜೀರ್ಣೋದ್ಧಾರ ಮಾಡಿ, ಎದುರಿಗೆ ಬಂಡೆಗಳ ಒಡ್ಡು ಹಾಕಿದ್ದಾರೆ. ಉಳ್ಳಾಲದ ಕಡಲಕೊರೆತವನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ.

ಅಲ್ಲಿ ಮೀನು ಒಣಹಾಕುತ್ತಿದ್ದ ಮುದುಕಿಯೊಬ್ಬಳನ್ನು ನಮ್ಮ ಹರುಕುಮುರುಕು ತಮಿಳಿನಲ್ಲಿ, “ಅಮ್ಮಾ, ಗುಡಿಯ ಮುಂದೆ ಮೊದಲು ಏನಿತ್ತು?” ಎಂದು ಕೇಳಿದೆವು. ಅವಳು ಕೈಯೆತ್ತಿ ನೀರನ್ನು ತೋರಿಸಿ, “ಅಲ್ಲಿಯವರೆಗೂ ನೆಲವಿತ್ತಂತೆ, ಅಯ್ಯಾ, ನಮ್ಮ ಅಜ್ಜಿ ಹೇಳುತ್ತಿದ್ದಳು” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ೨೦೦೪ರ ಡಿಸೆಂಬರ್ ೨೬ರ ಬೆಳಗ್ಗೆ ಬಂದ ದೊಡ್ಡ ಅಲೆಯ ಮಾತನ್ನು ತಾನಾಗಿಯೇ ತೆಗೆದಳು. ಆ ದಿನ ಇಲ್ಲಿಯ ಬೆಸ್ತರ ಕೇರಿಗಳಲ್ಲಿ ಅಳಿದವರು ಅನೇಕರು. “ಮತ್ತೆ ಇದೇ ಕಡಲಿಗೆ ದೋಣಿ ಇಳಿಸುವಿರಾ?” ಎಂದಾಗ, “ಬೇರೆ ಯಾವ ಕಡಲಿದೆ?” ಎಂದು ಹೇಳಿ ಮೀನನ್ನು ಮಗುಚಿಹಾಕತೊಡಗಿದಳು. ನಾವು ಮತ್ತೇನನ್ನೂ ಕೇಳಲಾರದೆ ಹೋದೆವು.

ಸಂಜೆ ಮರಳಿನ ಮೇಲೆ ಕುಳಿತೆವು. ಪೂರ್ವದ ಕಡಲಾದುದರಿಂದ ಇಲ್ಲಿ ಸೂರ್ಯನು ಊರಿನ ಹಿಂದೆ ಮುಳುಗುತ್ತಾನೆ. ಕೋಟೆಯ ನೆರಳು ನೀರಿನತ್ತ ಉದ್ದವಾಗುತ್ತ ಬರುತ್ತದೆ. ಅರಸರೂ ಕಂಪನಿಗಳೂ ಬಂದು ಹೋದ ನೆಲದಲ್ಲಿ ಉಳಿದುಕೊಂಡವರು ಬೆಸ್ತರು. ಹಣ ಧಾರಾಳವಾಗಿದ್ದಿದ್ದರೆ ನಾವು ಕಾರಿನಲ್ಲಿ ಬಂದು, ಕೋಟೆಯ ಮುಂದೆ ಚಿತ್ರ ತೆಗೆಸಿಕೊಂಡು, ಮಧ್ಯಾಹ್ನಕ್ಕೆ ಮುಂದಿನ ಊರಿಗೆ ಹೋಗಿಬಿಡುತ್ತಿದ್ದೆವು. ಆ ಮುದುಕಿಯ ಮಾತು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ.

ಹೋಗಬಯಸುವ ವಾಚಕರಿಗೆ ಎರಡು ಮಾತು. ಮಳೆಯ ಅಕ್ಟೋಬರ್, ನವೆಂಬರ್ ತಿಂಗಳುಗಳನ್ನು ಬಿಟ್ಟು ಜನವರಿ, ಫೆಬ್ರವರಿಗಳಲ್ಲಿ ಹೋಗುವುದು ಹಿತ. ಕೊಡೆಯನ್ನು ಮರೆಯಬಾರದು. ಮಕ್ಕಳನ್ನು ಬಂಡೆಗಳ ಒಡ್ಡಿನ ಮೇಲೆ ಬಿಡಬಾರದು.

ಮನೆಗೆ ಬಂದು ಲೆಕ್ಕ ಬರೆದೆವು. ರೈಲು, ಬಸ್ಸು, ಎರಡು ಹೊತ್ತಿನ ಊಟ, ಕೋಟೆಯ ಶುಲ್ಕ, ಅಷ್ಟೇ. ಮನೆಯಾಕೆಯು ಲೆಕ್ಕವನ್ನು ಓದಿ, “ಮುಂದಿನ ಸಲ ನಾನೂ ಬರುತ್ತೇನೆ, ಗುಡಿ ಇನ್ನೂ ಇರುವಾಗಲೇ ಹೋಗೋಣ” ಎಂದಳು.